ಬಲಗಡೆಯ ಸಾಲಿನ ಇಲಿಗಳು

ಇಂಥ ಸಂಗತಿಗಳನ್ನು ಹೇಳುವವರನ್ನು ನಾನು ನಂಬಿದವಳಲ್ಲ. ಹಾಸ್ಟೆಲಿನಲ್ಲಿ ಗೆಳತಿಯರು ಸುತ್ತ ಕೂತು, ಸತ್ತ ಅಜ್ಜಿ ಬಾಗಿಲು ಬಡಿದದ್ದನ್ನೋ ಕನಸಿನಲ್ಲಿ ಕಂಡ ನಂಬರು ಮರುದಿನ ಬಸ್ಸಿನ ಮೇಲೆ ಕಂಡದ್ದನ್ನೋ ಹೇಳತೊಡಗಿದರೆ ಎದ್ದು ಹೋಗಿ ಬಟ್ಟೆ ಒಗೆಯುತ್ತಿದ್ದೆ. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು. ತೂಗಲಾಗದ, ಎಣಿಸಲಾಗದ ವಿಷಯವನ್ನು ಬಾಯಿಗೆ ತರಬಾರದು ಎನ್ನುವುದು ನನ್ನ ಮಡಿಯಾಗಿತ್ತು.

ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ಇದನ್ನು ಮೊದಲು ಮೂರು ಸಲ ಬರೆದು ಹರಿದೆ. ಕೆಟ್ಟದಾಗಿ ಬಂತೆಂದಲ್ಲ, ಚೆನ್ನಾಗಿ ಬಂತೆಂದು. ನೆನಪು ಅಷ್ಟು ನೀಟಾಗಿ ಬಂದರೆ ಯಾರೋ ಅದಕ್ಕೆ ಇಸ್ತ್ರಿ ಹಾಕಿದ್ದಾರೆ ಎಂದೇ ಅರ್ಥ. ಈ ಸಲ ಸುಕ್ಕುಗಳನ್ನು ಹಾಗೇ ಬಿಡುತ್ತೇನೆ.

ಗುಜರಾತಿನಲ್ಲಿ ಭೂಕಂಪವಾಗಿ ಎರಡೋ ಮೂರೋ ವರ್ಷವಾಗಿತ್ತು. ನನ್ನ ಗಂಡನಿಗೆ ವಿಮಾ ಕಚೇರಿಯಲ್ಲಿ ಕೆಲಸ. ಗದಗಿನಿಂದ ವಡೋದರೆಗೆ ವರ್ಗವಾಗಿ ಬಂದಿದ್ದೆವು. ಬಾಡಿಗೆ ಮನೆಯ ಗೋಡೆಯಲ್ಲಿ ಇನ್ನೂ ಬಿರುಕಿತ್ತು, ಮಾಲೀಕರು ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರು. ಊರಾಚೆಯ ಒಂದು ಖಾಸಗಿ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ಕಂಪನಿಗಳು ಔಷಧ, ಕೀಟನಾಶಕ, ತಿನ್ನುವ ಪದಾರ್ಥ ಕಳಿಸುತ್ತಿದ್ದವು. ನಾವು ಅವನ್ನು ಇಲಿಗಳಿಗೆ ಕೊಟ್ಟು, ಏನಾಯಿತೆಂದು ಬರೆದುಕೊಡಬೇಕು. ಇಲಿಗಳನ್ನು ತೂಗುವುದು, ಮರಿಗಳನ್ನು ಎಣಿಸುವುದು ನನ್ನ ಪಾಲಿನ ಕೆಲಸ. ಪಂಜರ ತೊಳೆದು ಹೊಟ್ಟು ಹಾಸುವವರು ರಮೀಳಾಬೆನ್, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಬೆನ್ ಎಂದರೆ ಅಕ್ಕ, ಅಲ್ಲಿ ಹೆಂಗಸರನ್ನೆಲ್ಲ ಹಾಗೇ ಕರೆಯುವುದು.

ಆ ವರ್ಷ ಅಹಮದಾಬಾದಿನ ಒಂದು ಬೀಜದ ಕಂಪನಿಯಿಂದ ಎಣ್ಣೆ ಬಂತು. ಕಾಯಿಕೊರಕ ಹುಳು ತಿಂದರೆ ಅದೇ ಸಾಯುವ ಹಾಗೆ ಬೀಜದೊಳಗೇ ಏನೋ ಬದಲಾಯಿಸಿದ ಹತ್ತಿ, ಅದರ ಕಾಳಿನ ಎಣ್ಣೆ. ಹತ್ತಿಯನ್ನು ಯಾರು ತಿನ್ನುತ್ತಾರೆ ಎಂದು ನೀವು ಕೇಳಬಹುದು. ಗುಜರಾತಿನಲ್ಲಿ ತಿನ್ನುತ್ತಾರೆ. ಕಪಾಸಿಯಾ ತೇಲ್ ಎಂದು ಕರೆಯುವ ಈ ಎಣ್ಣೆಯಲ್ಲೇ ಅಂಗಡಿಯಲ್ಲಿ ಕರಿಯುವ ಕಡಲೆಹಿಟ್ಟಿನ ಗಾಠಿಯಾ, ಮನೆಯ ಪಲ್ಯ, ಮದುವೆಯ ಪೂರಿ ಎಲ್ಲ ಆಗುತ್ತವೆ. ಮೊದಲ ಸಲ ಕೇಳಿದಾಗ ನನ್ನ ಗಂಡ, "ನಮ್ಮ ಕಡೆ ಎಮ್ಮಿ ಮುಂದ ಇಡೋದನ್ನ ಇಲ್ಲಿ ಬೀಗರಿಗೆ ಬಡಸ್ತಾರ ನೋಡು" ಎಂದು ನಕ್ಕಿದ್ದರು.

ಇಲಿಗಳ ಕೋಣೆಯಲ್ಲಿ ಎರಡು ಸಾಲು ಪಂಜರ. ಎಡಗಡೆಯ ಸಾಲಿಗೆ ಮಾಮೂಲು ಹತ್ತಿಯ ಎಣ್ಣೆ ಕಲಸಿದ ಆಹಾರ, ಬಲಗಡೆಯ ಸಾಲಿಗೆ ಬದಲಾದ ಹತ್ತಿಯದು. ಉಗ್ರಾಣದಲ್ಲಿ ಡಬ್ಬಗಳೂ ಹಾಗೆಯೇ, ಎಡಕ್ಕೊಂದು ರಾಶಿ, ಬಲಕ್ಕೊಂದು. ಚೀಟಿ ಇದ್ದದ್ದು ಎರಡೂ ರಾಶಿಗಳ ಮೇಲಿನ ಡಬ್ಬಕ್ಕೆ ಮಾತ್ರ. ಮಾಮೂಲು ಎಣ್ಣೆ ಬೇಕಾದ್ದಕ್ಕಿಂತ ಹೆಚ್ಚು ಬಂದಿತ್ತು. ದೀಪಾವಳಿಗೆ ಮಿಠಾಯಿ ಪೆಟ್ಟಿಗೆಯ ಬದಲು ಎಲ್ಲರೂ ಎಡಗಡೆಯ ರಾಶಿಯಿಂದ ಒಂದೊಂದು ಡಬ್ಬ ಒಯ್ಯಿರಿ ಎಂದರು ಲ್ಯಾಬಿನ ಮುಖ್ಯಸ್ಥರು. ನಾವು ಅವರನ್ನು ಸರ್ ಎಂದಷ್ಟೇ ಕರೆಯುತ್ತಿದ್ದೆವು. ಎಲ್ಲರೂ ಖುಷಿಯಿಂದ ಒಯ್ದೆವು. ಆ ವಾರವೇ ಹಬ್ಬಕ್ಕೆಂದು ಉಗ್ರಾಣಕ್ಕೆ ಸುಣ್ಣ ಹೊಡೆಸಿದ್ದರು, ಡಬ್ಬಗಳನ್ನೆಲ್ಲ ನಡುವಿಗೆ ಎಳೆದು ಮತ್ತೆ ಗೋಡೆಗೆ ಒಟ್ಟಿದ್ದರು. ಯಾವುದು ಎಲ್ಲಿಗೆ ಹೋಯಿತೋ ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ತೂಗುವವಳು, ಎಣಿಸುವವಳು, ನನಗೂ ಅನ್ನಿಸಲಿಲ್ಲ.

ನವೆಂಬರಿನಲ್ಲಿ ನಾನು ಬಸುರಿ ಎಂದು ಗೊತ್ತಾಯಿತು. ಡಿಸೆಂಬರಿನಲ್ಲಿ ಬಲಗಡೆಯ ಸಾಲು ಕೆಡತೊಡಗಿತು. ತಾಯಿ ಇಲಿಗಳು ಚೆನ್ನಾಗಿ ತಿನ್ನುತ್ತಿದ್ದವು, ಆದರೆ ಮರಿಗಳು ಕಣ್ಣು ಬಿಡುವ ಮೊದಲೇ ಸಾಯುತ್ತಿದ್ದವು. ಕೆಲವು ಸತ್ತೇ ಹುಟ್ಟಿದವು. ಎಡಗಡೆಯ ಸಾಲಿನಲ್ಲಿ ಮರಿಗಳು ಒಂದರ ಮೇಲೊಂದು ಉರುಳಾಡುತ್ತಿದ್ದವು. ನಾನು ಪುಸ್ತಕ ಹಿಡಿದು ಸರ್ ಕೋಣೆಗೆ ಹೋದೆ. ಅವರು ಓದಿದರು, ಕನ್ನಡಕ ತೆಗೆದಿಟ್ಟರು. ಆಮೇಲೆ ಬಹಳ ಮೆಲ್ಲಗೆ, ತಂದೆಯ ಹಾಗೆ, ಹಿಂದಿಯಲ್ಲಿ ಹೇಳಿದರು:

"ಬೇಟಾ, ಆ ಬೀಜ ಆಗಲೇ ಹೊಲದಲ್ಲಿದೆ. ಎಣ್ಣೆ ಆಗಲೇ ಕಡಾಯಿಯಲ್ಲಿದೆ. ನಾವು ಬರೆದದ್ದು ಯಾರ ಹೊಟ್ಟೆಯಿಂದ ಅದನ್ನು ಹೊರಗೆ ತೆಗೆಯುತ್ತೆ?"

ಮಾರನೆಯ ವಾರ, ಬಲಗಡೆಯ ಸಾಲಿಗೆ ಸೋಂಕು ತಗುಲಿದೆ ಎಂದು ಬರೆದು ಆ ಇಲಿಗಳನ್ನೆಲ್ಲ ತೆಗೆಸಿದರು. ಅಹಮದಾಬಾದಿನಿಂದ ಹೊಸ ಇಲಿಗಳು ಬಂದವು. ಹಳೆಯ ಇಲಿಗಳ ನಂಬರನ್ನೇ ಹೊಸವುಗಳಿಗೆ ಹಾಕಿದರು. ಇನ್ನು ಮುಂದೆ ಎರಡೂ ಸಾಲಿಗೆ ಮಾಮೂಲು ಎಣ್ಣೆಯನ್ನೇ ಕಲಸಬೇಕೆಂದೂ ಹೇಳಿದರು. ವರದಿಯಲ್ಲಿ ಎರಡು ಸಾಲಿಗೂ ವ್ಯತ್ಯಾಸ ಕಾಣಿಸಲಿಲ್ಲ ಎಂದು ಬರೆಯುವುದು ಈಗ ಸುಳ್ಳೂ ಆಗಿರಲಿಲ್ಲ. ನನಗೆ ಕೆಲಸ ಬೇಕಿತ್ತು. ಸುಮ್ಮನಾದೆ.

ಉತ್ತರಾಯಣ ಬಂತು. ಅವತ್ತು ಗುಜರಾತಿನಲ್ಲಿ ನೆಲದ ಮೇಲೆ ಯಾರೂ ಇರುವುದಿಲ್ಲ, ಇಡೀ ಊರು ಗಾಳಿಪಟ ಹಿಡಿದು ತಾರಸಿ ಹತ್ತಿರುತ್ತದೆ. ಲ್ಯಾಬಿಗೆ ರಜೆ. ಇಲಿಗಳಿಗೆ ರಜೆಯಿಲ್ಲವಲ್ಲ, ಯಾರಾದರೂ ಬಂದು ನೀರು, ಆಹಾರ ಕೊಡಬೇಕು. ರಮೀಳಾಬೆನ್‌ಗೆ ಮೊಮ್ಮಕ್ಕಳ ಜೊತೆ ಇರಬೇಕಿತ್ತು. ನಮ್ಮಲ್ಲಿ ಪಟ ಹಾರಿಸುವುದಿಲ್ಲವೆಂದು ನಾನು ಒಪ್ಪಿಕೊಂಡೆ. ನಮಗೂ ಅದು ಸಂಕ್ರಾಂತಿ. ಬೆಳಿಗ್ಗೆಯೇ ಎದ್ದು ಸಜ್ಜೆ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ ಡಬ್ಬಿಗೆ ಹಾಕಿಕೊಂಡು ಹೋದೆ. ಎಣ್ಣೆಗಾಯಿಗೆ ಎಣ್ಣೆ ಕಡಿಮೆ ಹಾಕಿದರೆ ನಮ್ಮ ಕಡೆ ಅದನ್ನು ಎಣ್ಣೆಗಾಯಿ ಅನ್ನುವುದಿಲ್ಲ.

ಮಧ್ಯಾಹ್ನ ಹನ್ನೆರಡರ ಸುಮಾರು. ಇಲಿಗಳು ಹಗಲು ಮಲಗುವ ಪ್ರಾಣಿಗಳು, ಒಂದರ ಮೇಲೊಂದು ಗುಡ್ಡೆಯಾಗಿ ಮಲಗಿದ್ದವು. ಕೋಣೆಯೊಳಗೆ ಊಟ ಮಾಡಬಾರದೆಂಬ ನಿಯಮವಿತ್ತು. ಹೊರಗೆ ಬಿಸಿಲು, ಹೇಳುವವರೂ ಇಲ್ಲ. ಎರಡು ಸಾಲುಗಳ ನಡುವೆ ಸ್ಟೂಲು ಹಾಕಿಕೊಂಡು ಡಬ್ಬಿ ಬಿಚ್ಚಿದೆ.

ಎಡಗಡೆಯ ಇಲಿಗಳು ಎದ್ದವು. ಮೂಗು ಆಡಿಸುತ್ತ ಪಂಜರದ ಕಂಬಿಗೆ ಬಂದವು. ಇದರಲ್ಲಿ ವಿಶೇಷವಿಲ್ಲ, ವಾಸನೆ ಬಂದರೆ ಇಲಿ ಬರುತ್ತದೆ. ಬಲಗಡೆಯವೂ ಎದ್ದವು. ಎದ್ದು, ಎಲ್ಲ ಪಂಜರಗಳಲ್ಲೂ ಒಟ್ಟಿಗೆ, ನನಗೆ ಬೆನ್ನು ಮಾಡಿದವು. ಹಿಂದಿನ ಗೋಡೆಗೆ ಮೂಗು ಒತ್ತಿ ಸಾಲಾಗಿ ಕೂತವು. ಒಂದೂ ಅಲ್ಲಾಡಲಿಲ್ಲ, ಒಂದೂ ಸದ್ದು ಮಾಡಲಿಲ್ಲ. ನಾನು ಮುಚ್ಚಳ ಹಾಕಿದೆ. ಸ್ವಲ್ಪ ಹೊತ್ತಿಗೆ ಅವು ಸಡಿಲಾಗಿ ಮತ್ತೆ ಗುಡ್ಡೆಯಾದವು. ತೆಗೆದೆ. ಮತ್ತೆ ತಿರುಗಿದವು. ಮೂರನೆಯ ಸಲ ರೊಟ್ಟಿಯನ್ನಷ್ಟೇ ತೆಗೆದು ಹಿಡಿದೆ, ಏನೂ ಆಗಲಿಲ್ಲ. ಎಣ್ಣೆಗಾಯಿಯ ಬಟ್ಟಲು ತೆಗೆದೆ. ಅಷ್ಟೂ ಬೆನ್ನುಗಳು. ದೂರದ ತಾರಸಿಯೊಂದರಿಂದ ಯಾರದೋ ಪಟ ಕಡಿದ ಕೂಗು ಕೇಳುತ್ತಿತ್ತು.

ತಿಂದು ಕಾಯಿಲೆ ಬಿದ್ದ ಪದಾರ್ಥದ ವಾಸನೆಯನ್ನು ಇಲಿ ಮರೆಯುವುದಿಲ್ಲ, ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಇದು ನನಗೆ ಪಾಠವಾಗಿತ್ತು. ಹಾಗಾದರೆ ನನ್ನ ಮನೆಯ ಡಬ್ಬ ಬಲಗಡೆಯ ರಾಶಿಯದು. ದೀಪಾವಳಿಯಿಂದ ನಾನು ತಿನ್ನುತ್ತಿರುವುದು, ನನ್ನೊಳಗಿನ ಕೂಸು ತಿನ್ನುತ್ತಿರುವುದು ಅದು. ಇಷ್ಟನ್ನು ಲೆಕ್ಕ ಹಾಕಿ ಮುಗಿಸಿದ ಮೇಲೆ ಇನ್ನೊಂದು ನೆನಪಾಯಿತು. ಕಾಯಿಲೆ ಬಿದ್ದ ಇಲಿಗಳು ಇವಲ್ಲ. ಇವು ಹೊಸವು, ಆ ಎಣ್ಣೆಯ ಒಂದು ಹನಿಯನ್ನೂ ಮುಟ್ಟದವು. ಇವಕ್ಕೆ ಹೇಳಿದವರು ಯಾರು?

ಆ ಸಂಜೆ ನಮ್ಮ ಮನೆಗೆ ಬ್ಯಾಂಕಿನ ಒಂದು ಕನ್ನಡ ಕುಟುಂಬ ಎಳ್ಳು ಬೆಲ್ಲಕ್ಕೆ ಬಂದಿತ್ತು. ಅದೇ ಎಣ್ಣೆಗಾಯಿ ಬಡಿಸಿದೆ. ಆ ಬ್ಯಾಂಕಿನವರ ಹೆಂಡತಿ ಎರಡು ಸಲ ಹಾಕಿಸಿಕೊಂಡರು. ನಾನು ರೊಟ್ಟಿಯನ್ನು ಚೂರು ಮಾಡುತ್ತ ಕೂತೆ. "ಎರಡ ಜೀವದಾಕಿ, ಹಿಂಗ ಕೋಳಿ ಕೆದರಿದಂಗ ಉಂಡರ ಹೆಂಗ?" ಎಂದು ನನ್ನ ಗಂಡ ಮತ್ತೊಂದು ರೊಟ್ಟಿ ಹಾಕಿದರು. ಉಂಡೆ. ಇಲಿಗಳು ಬೆನ್ನು ತಿರುಗಿಸಿದವೆಂದು ಡಬ್ಬದಲ್ಲಿ ಉಳಿದ ಎಣ್ಣೆ ಚೆಲ್ಲಬೇಕು ಎಂದು ಆ ಪಂಕ್ತಿಯಲ್ಲಿ ಹೇಳುವುದು ನನ್ನಿಂದ ಆಗಲಿಲ್ಲ. ಮರುದಿನ, ಅದರ ಮರುದಿನವೂ ಅದೇ ಎಣ್ಣೆಯಲ್ಲಿ ಒಗ್ಗರಣೆ ಹಾಕಿದೆ. ಲ್ಯಾಬಿನಲ್ಲಿ ಡಬ್ಬಿಯನ್ನು ಮತ್ತೆ ಆ ಕೋಣೆಗೆ ಒಯ್ದು ನೋಡಲಿಲ್ಲ. ಇಲಿಗಳು ತಿರುಗದಿದ್ದರೆ ಒಂದು ಭಯ, ತಿರುಗಿದರೆ ಇನ್ನೊಂದು.

ಮಾರ್ಚಿನಲ್ಲಿ ಗಂಡನಿಗೆ ಸೂರತ್‌ಗೆ ವರ್ಗವಾಯಿತು. ಏಳನೆಯ ತಿಂಗಳಲ್ಲಿ, ಅಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ, ಮಗಳು ಸತ್ತು ಹುಟ್ಟಿದಳು. ಡಾಕ್ಟರು ಒಳ್ಳೆಯವರು. ಹೀಗೆ ಎಷ್ಟೋ ಜನಕ್ಕೆ ಆಗುತ್ತದೆ, ಕಾರಣ ಹುಡುಕಬೇಡಿ, ಮತ್ತೆ ಪ್ರಯತ್ನಿಸಿ ಎಂದರು. ಅವರು ಹೇಳಿದ್ದು ನಿಜವೂ ಇರಬಹುದು. ಎಣ್ಣೆ ತಿನ್ನದವರಿಗೂ ಆಗುತ್ತದೆ. ನಮಗೆ ಮತ್ತೆ ಮಕ್ಕಳಾಗಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ ಸೂರತ್‌ನ ಪಾಂಡೇಸರಾದ ತರಕಾರಿ ಸಂತೆಯಲ್ಲಿ ರಮೀಳಾಬೆನ್ ಸಿಕ್ಕರು. ಅವರ ಮಗನಿಗೆ ಅಲ್ಲಿನ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಕೆಲಸ, ಅವನ ಜೊತೆ ಬಂದಿದ್ದರು. ತರಕಾರಿ ಚೀಲ ಕೆಳಗಿಟ್ಟು ಇಬ್ಬರೂ ಚಹಾ ಕುಡಿದೆವು. ನನ್ನ ಮಗಳ ಸುದ್ದಿ ಅವರಿಗೆ ಗೊತ್ತಿರಲಿಲ್ಲ, ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಗ ಧೈರ್ಯ ಮಾಡಿ ಕೇಳಿದೆ: ಆ ಉತ್ತರಾಯಣದ ಹೊತ್ತಿಗೆ ಬಲಗಡೆಯ ಸಾಲಿನಲ್ಲಿದ್ದವು ಹೊಸ ಇಲಿಗಳೇ ತಾನೆ? ಹೌದು, ತಾವೇ ಕೈಯಾರೆ ಇಳಿಸಿಕೊಂಡದ್ದು ಎಂದರು. ನಾನು ಕಂಡದ್ದನ್ನು ಮೊದಲ ಸಲ ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳಿದೆ. ಅವರು ಚಹಾದ ಗ್ಲಾಸು ಕೆಳಗಿಟ್ಟು ನನ್ನನ್ನು ವಿಚಿತ್ರವಾಗಿ ನೋಡಿದರು.

"ಅವತ್ತು ನೀವೆಲ್ಲಿ ಒಳಗೆ ಬಂದಿರಿ ಬೆನ್?" ಎಂದರು. "ವಾಂತಿ ನಿಲ್ಲುತ್ತಿಲ್ಲ ಅಂತ ಗೇಟಿನ ತನಕ ಬಂದು ನನ್ನನ್ನು ಕರೆಸಿ, ಹಬ್ಬದ ದಿನ ನನಗೆ ಕೆಲಸ ಬಿತ್ತಲ್ಲ ಅಂತ ಊಟದ ಡಬ್ಬಿ ನನ್ನ ಕೈಗೆ ಕೊಟ್ಟು ತಿರುಗಿ ಹೋದಿರಿ. ಡಬ್ಬಿ ತೆಗೆದವಳು ನಾನು. ತಿರುಗಿದ್ದು ನನ್ನ ಮುಂದೆ. ಮಾರನೇ ದಿನ ನಿಮಗೆ ಹೇಳಿದೆ, ಆ ಎಣ್ಣೆ ಮನೆಯಲ್ಲಿ ಇಟ್ಟುಕೋಬೇಡಿ ಅಂದೆ. ರಮೀಳಾಬೆನ್, ಇಲಿಗೂ ಪಂಚಾಂಗ ಗೊತ್ತಾ ಅಂತ ನಕ್ಕಿರಿ."

ನಿಮ್ಮ ಡಬ್ಬ ಏನು ಮಾಡಿದಿರಿ ಎಂದು ಕೇಳಿದೆ. ಚೆಲ್ಲಲು ಮನಸ್ಸಾಗಲಿಲ್ಲ, ಗಾಠಿಯಾ ಕರಿಯುವ ಅಂಗಡಿಗೆ ಕೊಟ್ಟುಬಿಟ್ಟೆ ಎಂದರು. ಹೇಳಿ ತಲೆ ತಗ್ಗಿಸಿದರು.

ಮನೆಗೆ ಬಂದು ಗಂಡನನ್ನು ಕೇಳಿದೆ. ಆ ಹಬ್ಬದ ದಿನ ನಾನು ಕೆಲಸಕ್ಕೆ ಹೋಗಿದ್ದೆನಾ? ಅವರಿಗೆ ನೆನಪಿರಲಿಲ್ಲ. ಸಂಜೆಯ ಊಟ ನೆನಪಿತ್ತು. ನಾನು ಎರಡು ರೊಟ್ಟಿ ಉಂಡು ಇನ್ನೊಂದು ಕೇಳಿದೆನಂತೆ.

ಸ್ಟೂಲಿನ ಒಂದು ಕಾಲು ಗಿಡ್ಡವಿದ್ದದ್ದು, ಅದು ಅಲುಗಿದ್ದು ನನ್ನ ಮೈಗೆ ಗೊತ್ತಿದೆ. ಆದರೆ ಅದರ ಮೇಲೆ ನಾನು ಬೇರೆ ದಿನಗಳಲ್ಲೂ ಕೂತಿದ್ದೇನೆ. ಅಷ್ಟೂ ಬೆನ್ನುಗಳು ಈಗಲೂ ಕಣ್ಣ ಮುಂದಿವೆ. ರಮೀಳಾಬೆನ್ ಹೇಳಿದ ನಗು ಮಾತ್ರ ಎಷ್ಟು ತಡಕಿದರೂ ಸಿಗುವುದಿಲ್ಲ. ಒಮ್ಮೊಮ್ಮೆ ಅವರು ಹೇಳಿದ ಹಾಗೆ ನಡೆದದ್ದನ್ನು ಕಲ್ಪಿಸಿಕೊಂಡು ನೋಡುತ್ತೇನೆ: ಮೊರದಲ್ಲಿ ಹೊಟ್ಟು ಹಿಡಿದು ಅವರು ಬಾಗಿಲಲ್ಲಿ ನಿಂತಿದ್ದಾರೆ, ನಾನು ತಕ್ಕಡಿಯ ಮುಂದೆ ಕೂತು ನಗುತ್ತಿದ್ದೇನೆ. ಒಮ್ಮೊಮ್ಮೆ ನನ್ನದೇ ಸರಿ ಅನ್ನಿಸುತ್ತದೆ. ಅವರ ಪ್ರಕಾರ ನೋಡಿದರೂ, ನನ್ನ ಪ್ರಕಾರ ನೋಡಿದರೂ, ನಮ್ಮ ಮನೆಯ ಎಣ್ಣೆಯ ಡಬ್ಬ ಒಗ್ಗರಣೆಗೆ ಬಳಸಿಯೇ ಫೆಬ್ರವರಿ ಕೊನೆಯಲ್ಲಿ ಖಾಲಿಯಾಗುತ್ತದೆ.