ಎರಡು ಕೆನ್ನೆ, ಎರಡು ಸ್ಪಂಜು

ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ಮದುವೆಗೆ ಅಲಂಕಾರ ಮಾಡಿದ ಕುಂದಾಪುರದ ಬ್ಯೂಟಿಷಿಯನ್ ಯಾವುದನ್ನೂ ಪರೀಕ್ಷಿಸದೆ ನಂಬುತ್ತಿರಲಿಲ್ಲ. “ಕಾಂಬ”, ಅಂದರೆ ನೋಡೋಣ, ಎನ್ನುವುದು ಅವರ ಮಾತು. ಹಾಗೆನ್ನುವಾಗ ಒದ್ದೆ ಸ್ಪಂಜನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದರು.

ಮದುವೆಯ ಸೆಕೆಯಲ್ಲಿ ಮೇಕಪ್ ಇಳಿದುಹೋದೀತೆಂಬ ಭಯ ನನ್ನದು. ಆದ್ದರಿಂದ ಮುಂಬೈ ಚಿಕ್ಕಮ್ಮ ತಂದ ದುಬಾರಿ ಸ್ಪಂಜನ್ನೇ ಬಳಸಬೇಕೆಂದು ಹಿಂದಿನ ದಿನ ವಿನಂತಿಸಿದೆ. ಅವರು ಒಂದು ಕೆನ್ನೆಗೆ ಅದರಿಂದಲೂ, ಇನ್ನೊಂದಕ್ಕೆ ಫ್ಯಾನ್ಸಿ ಅಂಗಡಿಯ ಅಗ್ಗದ ಸ್ಪಂಜಿನಿಂದಲೂ ಮೇಕಪ್ ಒತ್ತಿ, ಬಿಸಿ ಗಂಜಿ, ಮಿಡಿ ಉಪ್ಪಿನಕಾಯಿ ತರಿಸಿ ಮುಂದಿಟ್ಟರು.

“ಎಂತಕೆ ಅಕ್ಕಾ?”

“ಉಣ್, ಹೆಣೇ. ಬೆವರ್ಲಿ, ಕಾಂಬ.”

ಬೆವರು ಧಾರಾಳವಾಗಿ ಇಳಿಯಿತು. ಎರಡೂ ಕೆನ್ನೆಗಳ ಬಣ್ಣ ಕದಲಲಿಲ್ಲ. ಚಿಕ್ಕಮ್ಮನೂ ಬಟ್ಟಲು ಹಿಡಿದು ಬಂದು, “ನಂಗೂ ಗಂಜಿ ಹಾಕಿ, ಕಾಂಬ” ಎಂದರು.

ಮದುವೆಯ ಪ್ರತಿ ಫೋಟೋದಲ್ಲೂ ನಾನು ನಗುತ್ತಿದ್ದು, ಅದಕ್ಕೆ ಯಾವ ಸ್ಪಂಜೂ ಅಲ್ಲ, ನನ್ನ ಭಯ ಬಿಡಿಸಿದ ಆ ಗಂಜಿಯೇ ಕಾರಣವೆಂದು ದೃಢಪಡಿಸುತ್ತೇನೆ.