ಮೀನುಗಾರರ ಪಟ್ಟಿಯಲ್ಲಿ ನನ್ನ ಸಹಿ

“ಇದು ನಿಮ್ದೇ ಸಹಿ ಅಲ್ವಾ, ಗೌಡ್ರೆ?”

ಕಳಸದ ಸಂತೆಯಲ್ಲಿ ಬಾಬು ನನ್ನ ಮುಂದೆ ಒಂದು ಜೆರಾಕ್ಸ್ ಹಿಡಿದ. ಭದ್ರಾ ಹೊಳೆಯಲ್ಲಿ ಬಲೆ ಬೀಸಿ ಬದುಕುವವನು ಅವನು. ನಮ್ಮೂರ ಬದಿಯ ಹೊಳೆಯಲ್ಲಿ ಮೀನು ಹಿಡಿಯುವ ಲೈಸೆನ್ಸನ್ನು ಹೊರಗಿನ ಗುತ್ತಿಗೆದಾರನೊಬ್ಬನಿಗೇ ಕೊಡಲು ಸ್ಥಳೀಯ ಮೀನುಗಾರರು ಒಪ್ಪಿದ್ದಾರೆ ಎಂದು ಅದರಲ್ಲಿತ್ತು; ಅದರ ಮೇಲೆ ಲೈಸೆನ್ಸ್ ಕೊಟ್ಟೂ ಆಗಿತ್ತು. ಕೆಳಗೆ ಮೊದಲ ಸಹಿ ನನ್ನದು.

ಈ ಬಗ್ಗೆ ಮೀನುಗಾರರ ಅಭಿಪ್ರಾಯ ಕೇಳುವ ಸಭೆಯನ್ನು ಪಂಚಾಯಿತಿಯಲ್ಲಿ ಇಟ್ಟದ್ದು ಮೊದಲ ಮಳೆಗೆ ಹೊಳೆ ಕೆಂಪಾದ ಮಾರನೇ ದಿನ. ಮೀನು ಹೊಸ ನೀರಿಗೆ ಹತ್ತಿ ಬರುವ ಆ ಹೊತ್ತಿನಲ್ಲಿ ಮೀನುಗಾರರು ಹೊಳೆ ಬಿಟ್ಟು ಕದಲುವುದಿಲ್ಲ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಬೇರೆ ಕೆಲಸಕ್ಕೆ ಪಂಚಾಯಿತಿಗೆ ಹೋಗಿದ್ದ ನಮ್ಮಂಥ ಕಾಫಿ ಬೆಳೆಗಾರರನ್ನೇ ಮೀನುಗಾರಿಕೆ ಇಲಾಖೆಯ ಸಾಹೇಬರು ಕೂರಿಸಿ, ಹಾಜರಿಗೆಂದು ಸಹಿ ಹಾಕಿಸಿಕೊಂಡರು. ಬೋಂಡಾ ತಿಂದು ಬಂದೆ.

“ಓದಿರ್ಲಿಲ್ಲ ಮಾರಾಯ” ಎಂದೆ.

“ಒಂದಿನ ತಡೀರಿ ಅಂತಾದ್ರೂ ಹೇಳ್ಬೋದಿತ್ತಲ್ಲ? ನಾವೆಲ್ಲಿದ್ವಿ ಅಂತ ನಿಮ್ಗೆ ಗೊತ್ತಿತ್ತು. ಅವತ್ತು ಸಂಜೆ ನಿಮ್ಮನೆಗೆ ಮೀನು ತಂದ್ಕೊಟ್ಟಿದ್ದು ನಾನೇ.”

ನಿಜ. ಆ ಮೀನಿನ ಸಾರಿಗೆ ನಾನು ಎರಡು ಸಲ ಅನ್ನ ಬಡಿಸಿಕೊಂಡಿದ್ದೆ. ಜನ್ಮದಲ್ಲಿ ಬಲೆ ಮುಟ್ಟದ ನಾನು ಸರ್ಕಾರದ ಕಡತದಲ್ಲಿ ಈಗಲೂ ಮೀನುಗಾರ. ಬಾಬು ಹೊಳೆಗಿಳಿದರೆ ಕಳ್ಳ.