ಗಾದಿ ನೂರ್ ಬೀಯ ಹದಿನೆಂಟು ವಾರ

ಅರಳೆ ಹಿಂಜುವವರಿಗೆ ರಾಯಚೂರಿನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ. ಮಷೀನು ಒಂದು ತಾಸು ತಿರುಗಿದರೆ ಸಾಕು, ಹತ್ತಿಯ ಧೂಳು ಎದ್ದು ಪಕ್ಕದ ಮನೆಯ ಒಗೆದ ಬಟ್ಟೆ, ಒಣಹಾಕಿದ ಸಂಡಿಗೆ, ಮಲಗಿದ ಕೂಸಿನ ರೆಪ್ಪೆ, ಎಲ್ಲದರ ಮೇಲೂ ಕೂರುತ್ತದೆ. ಗಾದಿ ಹೊಲಿಯುವ ನೂರ್ ಬೀ ಈ ಊರಿಗೆ ಬಂದ ಮೊದಲ ಎರಡು ವರ್ಷಗಳಲ್ಲಿ ನಾಲ್ಕು ಮನೆ ಬದಲಿಸಿದ್ದಳು. ಐದನೆಯದು ಕಲೀಮುಲ್ಲಾ ಸಾಹೇಬರದು. ಎರಡು ಕೋಣೆ, ಹಿಂದೆ ತಗಡಿನ ಚಪ್ಪರ, ಚಪ್ಪರದ ಆಚೆ ಯಾರ ಮನೆಯೂ ಇಲ್ಲದ ಬಯಲು. ಆ ಬಯಲನ್ನು ನೋಡಿದ ದಿನವೇ ಅವಳು ಮನಸ್ಸಿನಲ್ಲಿ ದೇವರಿಗೆ ಶುಕ್ರಿಯಾ ಹೇಳಿದ್ದಳು. ಏಳು ವರ್ಷ ಅಲ್ಲಿಯೇ ಅರಳೆ ಹಿಂಜಿದಳು, ಮಗಳು ಗುಲ್ನಾಜಳನ್ನು ಡಿಗ್ರಿ ಓದಿಸಿದಳು.

ಒಂದು ಶುಕ್ರವಾರ ಸಾಹೇಬರು ಬಂದು ಚಪ್ಪರದ ಕೆಳಗೆ ಕುರ್ಚಿ ಎಳೆದುಕೊಂಡು ಕೂತರು.

“ನೂರ್ ಬೀ, ತಮ್ಮಗ ಪಾಲು ಕೊಡಬೇಕಾಗ್ಯದ. ಈ ಮನಿ ಮಾರ್ತೀನಿ. ಮೊದಲ ನಿನ್ನ ಕೇಳಾಕತ್ತೀನಿ. ಬ್ಯಾರೆದವರು ತೊಗೊಂಡ್ರ ಈ ಮಷೀನಿಗೆ ಜಾಗ ಎಲ್ಲಿ ಹುಡಕ್ತಿ? ಮೂರು ತಿಂಗಳು ತಡೀತೀನಿ.”

ನೂರ್ ಬೀ ಮನೆಯ ಸಾಲಕ್ಕೆ ಬ್ಯಾಂಕಿನಲ್ಲಿ ಅರ್ಜಿ ಹಾಕಿದಳು. ಧರ್ಮ ಒಪ್ಪದ ಬಡ್ಡಿಯ ಮಾತು ಬಂದಾಗ ಮನಸ್ಸು ಅಳುಕಿತ್ತು. ದೇವರಲ್ಲಿ ಕ್ಷಮೆ ಕೇಳಿಕೊಂಡೇ ಸಹಿ ಮಾಡಿದ್ದಳು. ಹದಿನೈದು ದಿನದ ಮೇಲೆ ಬ್ಯಾಂಕಿನ ಉಮಾದೇವಿ ಮೇಡಂ ಕರೆಸಿದರು.

“ನಿಮ್ಮ ಅರ್ಜಿ ವಾಪಸ್ ಬಂದದ್ರೀ. ದೇವದುರ್ಗದಾಗ ಸಂಘದ ಸಾಲ ತೊಗೊಂಡಿದ್ರೇನು? ಹದಿನೆಂಟು ಕಂತು ಕಟ್ಟಿಲ್ಲಂತ ನಿಮ್ಮ ಸಾಲದ ದಾಖಲೆದಾಗ ತೋರಸಾಕತ್ತದ. ಆ ದಾಖಲೆ ಎಲ್ಲಾ ಬ್ಯಾಂಕಿನವರೂ ನೋಡ್ತಾರ.”

“ಅದು ಮುಗದು ಒಂಬತ್ತು ವರ್ಷ ಆತ್ರಿ ಮೇಡಂ. ನಮ್ಮ ಯಜಮಾನ್ರು ತೀರಿಕೊಂಡ್ರಂತ ಸಂಘಕ್ಕ ಸಾಲ ಕೊಟ್ಟ ಕಂಪನಿಯವರು ಮನ್ನಾ ಮಾಡಿದ್ರು. ಬಾಕಿ ಇಲ್ಲಂತ ಕಾಗದ ಸುದ್ದಾ ಕೊಟ್ಟಾರ.”

“ಹಂಗಾರ ಆ ಕಾಗದ ತರ್ರಿ. ತಿದ್ದಸಾಕ ಬರ್ತದ.”

ನೂರ್ ಬೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಅದನ್ನ ಹೊಳ್ಯಾಗ ಬಿಟ್ಟೀನ್ರಿ.”

“ಹೊಳ್ಯಾಗ?” ಉಮಾದೇವಿ ಕನ್ನಡಕ ತೆಗೆದರು.

ಆ ಕಾಗದ ಕೈಗೆ ಬಂದ ದಿನ ನೂರ್ ಬೀ ಸಂತೋಷಕ್ಕೆ ಅದರ ನೆತ್ತಿಯ ಮೇಲೆ ಬಿಸ್ಮಿಲ್ಲಾದ ಗುರುತಾದ 786 ಎಂದು ಬರೆದು, ಕುರಾನಿನ ಗೂಡಿನಲ್ಲಿ ಇಟ್ಟಿದ್ದಳು. ದೇವರ ಹೆಸರು ಹೊತ್ತ ಕಾಗದವನ್ನು ಕಸಕ್ಕೆ ಹಾಕುವಂತಿಲ್ಲ, ಕಾಲಿಗೆ ಸಿಗುವಂತೆ ಬಿಡುವಂತಿಲ್ಲ. ಕೆಲವು ವರ್ಷಗಳ ಮೇಲೆ ಮಾನ್ವಿಯ ತವರಿಗೆ ಹೋದಾಗ ಮನೆಯವರೆಲ್ಲ ಕುರಾನಿನ ಹರಿದ ಪಾರಾಗಳನ್ನು, ಹಳೆಯ ತಾವೀಜುಗಳನ್ನು ಗಂಟು ಕಟ್ಟಿ ಚೀಕಲಪರ್ವಿಗೆ ಒಯ್ದು ತುಂಗಭದ್ರೆಗೆ ಒಪ್ಪಿಸಿದರು. ಸಾಲವಂತೂ ಮುಗಿದಿದೆ, ಕಾಗದ ಹಳತಾಗಿದೆ ಎಂದು ಅವಳು ಅದನ್ನೂ ಅದೇ ಗಂಟಿನಲ್ಲಿ ಸೇರಿಸಿದ್ದಳು.

ಉಮಾದೇವಿ ನಗಲಿಲ್ಲ. “ನಮ್ಮವ್ವನೂ ಹಂಗ ರೀ. ಗಣಪತಿ ಚಿತ್ರ ಇರ್ತದಂತ ಲಗ್ನಪತ್ರಿಕೆ ಒಂದೂ ಕಸಕ್ಕ ಹಾಕಂಗಿಲ್ಲ. ದೇವದುರ್ಗಕ್ಕ ಹೋಗಿ ಕಂಪನಿಯವರನ್ನ ಇನ್ನೊಂದು ಪ್ರತಿ ಕೇಳ್ರಿ.”

ಮರುದಿನವೇ ತಾಯಿ ಮಗಳು ದೇವದುರ್ಗದ ಬಸ್ಸು ಹತ್ತಿದರು. ಕಂಪನಿಯ ಬೋರ್ಡು ಇದ್ದ ಕಡೆ ಈಗ ಮೊಬೈಲ್ ರಿಪೇರಿ ಅಂಗಡಿ ಇತ್ತು. ಕಂಪನಿಯನ್ನು ಯಾರೋ ಕೊಂಡುಕೊಂಡರಂತೆ, ಯಾರೆಂದು ಅಂಗಡಿಯವನಿಗೆ ತಿಳಿಯದು. ಬಿಸಿಲಿನಲ್ಲಿ ನಿಂತು ನೂರ್ ಬೀ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ, “ನಡಿ, ಬೂದೆಮ್ಮನ ಮನೀಗೆ ಹೋಗೋಣು,” ಎಂದಳು.

ಬೂದೆಮ್ಮ ಊರ ಅಂಚಿನ ಕುರಿಗಾರರ ಹೆಂಗಸು. ಐದು ಜನರ ಆ ಸಂಘಕ್ಕೆ ಅವಳೇ ಮುಖ್ಯಸ್ಥೆ. ಅವಳು, ನೂರ್ ಬೀ, ದಾವಲ್ ಬೀ, ಸವಿತಾ, ಅನ್ವರಿ ಬೇಗಂ. ನೂರ್ ಬೀ ಊರು ಬಿಟ್ಟ ಮೇಲೆ ಇಬ್ಬರೂ ಭೇಟಿಯಾಗಿರಲಿಲ್ಲ.

“ಯಾರಬೇ, ನೂರಿನಾ? ಈಗ ನೆಪ್ಪಾತೇನು ನನ್ನ ಮಾರಿ? ಗಾದಿ ಮ್ಯಾಲೆ ಮಲಗಿ ಮಲಗಿ ದಪ್ಪ ಆಗೀದಿ ನೋಡು!”

“ಗಾದಿ ಮಾರೋರಿಗೆ ಗಾದಿ ಎಲ್ಲಿದಬೇ, ಚಾಪಿ ಮ್ಯಾಲೆ ಮಲಗ್ತೀನಿ,” ಎಂದು ನೂರ್ ಬೀ ನಕ್ಕಳು. ನಗು ಮುಗಿಯುವ ಮೊದಲೇ ಕಣ್ಣು ತುಂಬಿತು. ಬಂದ ಕಾರಣ ಹೇಳಿದಳು. ಕಂಪನಿ ಮನ್ನಾ ಮಾಡಿದ ಮಾತು ಬಂದಾಗ ಬೂದೆಮ್ಮ ತಡೆದಳು.

“ಮನ್ನಾ? ಯಾವಾಕಿ ಹೇಳಿದಳು ಮನ್ನಾ ಅಂತ?”

ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಅವಳ ಗಂಡ ದುರುಗಪ್ಪ ತಲೆ ಎತ್ತದೆ, “ಹೇಳಿಬಿಡಬೇ, ಇನ್ನೆಷ್ಟು ದಿನ ಮುಚ್ಚಿಡ್ತಿ,” ಎಂದ.

ಬೂದೆಮ್ಮ ಎಲೆಯಡಿಕೆಯ ಚೀಲವನ್ನು ಪಕ್ಕಕ್ಕೆ ಸರಿಸಿದಳು. “ನಿನ್ನ ಗಂಡ ವಲಿ ಪಾಷಾ ಹೋದ ಮ್ಯಾಲೆ ನೀ ಇದ್ದತ್ ಅಂತ ಒಳಗ ಕುಂತಿ. ನಾಕು ತಿಂಗಳು ಹತ್ತು ದಿನ ಹೊಸ್ತಿಲ ದಾಟಂಗಿಲ್ಲ. ಮಂಗಳವಾರಕ್ಕೊಮ್ಮೆ ಕಂಪನಿ ಪ್ರಭುರಾಜ ಕಂತು ವಸೂಲಿಗೆ ಬರ್ತಿದ್ದ. ಒಬ್ಬಾಕಿ ಬರದಿದ್ರ ಉಳದಾರು ತುಂಬಬೇಕು, ಅದ ಸಂಘದ ಕಟ್ಟು. ತುಂಬಿದ್ವಿ.”

“ಹದಿನೆಂಟು ವಾರ?”

“ನಾ ಎಣಿಸೀನೇನಬೇ? ದಾವಲ್ ಬೀ ತತ್ತಿ ಮಾರಿದ್ದು ಕೊಟ್ಟಳು. ಸವಿತಾ, ಅನ್ವರಿ ಕೂಲಿ ಮಾಡಿದ್ದು ಕೊಟ್ಟರು. ಕಡೀಕ ನಮ್ಮ ಟಗರು ಹೋತು.”

“ಛಲೋ ಟಗರಿತ್ತು,” ಎಂದ ದುರುಗಪ್ಪ, ಈಗಲೂ ಅದರ ನೆನಪಿಗೆ ನಿಟ್ಟುಸಿರು ಬಿಟ್ಟು.

ನೂರ್ ಬೀ ಅವಳ ಹತ್ತಿರ ಸರಿದಳು. “ನನಗ ಯಾಕ ಹೇಳಲಿಲ್ಲಬೇ?”

“ಹೇಳಿದ್ರ ನೀ ಸುಮ್ನ ಕುಂದರಾಕಿನಾ? ಇದ್ದತ್ ಮುರದು ಮಷೀನಿಗೆ ಕುಂದರ್ತಿದ್ದಿ. ದೇವರ ಹೆಸರಿಗೆ ಕುಂತಾಕೀನ ನಾವು ಎಬ್ಬಸಬೇಕೇನು? ಪ್ರಭುರಾಜನ ಕಡೆ ಆಣಿ ತೊಗೊಂಡಿದ್ವಿ, ಸಾಲ ಮುಗೀತು ಅಂತಷ್ಟ ಹೇಳಬೇಕಂತ.”

“ನಾನು…” ನೂರ್ ಬೀ ಮುಖ ಮುಚ್ಚಿಕೊಂಡಳು. “ನಾನು ಒಂಬತ್ತು ವರ್ಷ ಆ ಕಂಪನಿ ಮಾಲಕಗ ದುವಾ ಮಾಡೀನಬೇ. ನಮಾಜ್ ಆದಮ್ಯಾಲೆ, ಒಂದಿನ ಬಿಡದಂಗ.”

ಬೂದೆಮ್ಮ ಕೆಮ್ಮು ಬರುವವರೆಗೆ ನಕ್ಕಳು. “ಯವ್ವಾ! ಕೇಳಿದೇನು? ಟಗರು ನಮ್ದು ಹೋತು, ಪುಣ್ಯ ಅವಗ ಬಂತು!”

ಗುಲ್ನಾಜಳಿಗೂ ನಗು ತಡೆಯಲಾಗಲಿಲ್ಲ. ಆದರೆ ನಗುತ್ತಲೇ ಅವಳು ಕೇಳಿದಳು, “ರಸೀದಿ ಅದಾವೇನು ದೊಡ್ಡವ್ವಾ?”

ಬೂದೆಮ್ಮನಿಗೆ ಓದು ಬಾರದು. ಹಾಗಾಗಿಯೇ ಅವಳ ಮನೆಯಲ್ಲಿ ಯಾವ ಕಾಗದವೂ ಹಾಳಾಗುತ್ತಿರಲಿಲ್ಲ. ಯಾವುದು ಬೇಕಾದದ್ದೆಂದು ತಿಳಿಯದವಳು ಬಂದದ್ದನ್ನೆಲ್ಲ ಒಂದು ಉದ್ದನೆಯ ತಂತಿಗೆ ಚುಚ್ಚಿ ತೊಲೆಗೆ ನೇತುಹಾಕುತ್ತಿದ್ದಳು. ಗುಲ್ನಾಜ ತಂತಿಯನ್ನು ಕೆಳಗಿಳಿಸಿ ಒಂದೊಂದನ್ನೇ ಓದುತ್ತಾ ಹೋದಳು. ಕರೆಂಟ್ ಬಿಲ್ಲು, ಕುರಿಗಳ ಔಷಧದ ಚೀಟಿ, ಯಾರದೋ ತೊಟ್ಟಿಲ ಕಾರ್ಯದ ಕಾರ್ಡು. ತಂತಿಯ ಬುಡಕ್ಕೆ ಬಂದಾಗ ಹಳದಿಯಾದ ರಸೀದಿಗಳು ಸಿಕ್ಕವು. ಎಲ್ಲದರ ಮೇಲೆ ಬೂದೆಮ್ಮನ ಹೆಸರು, ಕೆಳಗೆ ಪೆನ್ನಿನಿಂದ ‘ನೂರ್ ಬೀ ಪರವಾಗಿ’. ಎಣಿಸಿದರೆ ಹದಿನಾರು. ಎರಡನ್ನು ಇಲಿ ತಿಂದಿದ್ದವು.

ಪ್ರಭುರಾಜ ಈಗ ಮಾನ್ವಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ರಸೀದಿಗಳ ಮೇಲಿನ ತನ್ನದೇ ಅಕ್ಷರ ನೋಡಿ ಅವನ ಮುಖ ಸಣ್ಣಗಾಯಿತು.

“ತಪ್ಪು ನಂದ ಅಕ್ಕಾ. ರೊಕ್ಕ ಕೈಗೆ ಕೊಟ್ಟ ಬೂದೆಮ್ಮನ ಹೆಸರಿಗೆ ಜಮಾ ಮಾಡಿದ್ದೆ. ಕಡೀಕ ತಿದ್ದಿ ನಿಮ್ಮ ಹೆಸರಿಗೆ ಹಾಕಿಸಿ, ಬಾಕಿ ಇಲ್ಲಂತ ಕಾಗದ ಕೊಡಿಸಿದೆ. ಆದ್ರ ಮ್ಯಾಲಿನ ಆಫೀಸಿನಾಗ ಹಳೇದ ಉಳದಿರಬೇಕು. ಅಷ್ಟರಾಗ ಕಂಪನಿ ಕೈ ಬದಲಾತು.”

“ತಪ್ಪಿನ ಮಾತು ಬ್ಯಾಡಪ್ಪಾ,” ಎಂದಳು ನೂರ್ ಬೀ. “ಈಗ ಏನು ಮಾಡಬೇಕು, ಅದನ್ನ ಹೇಳು.”

ಅವನು ಅಂಗಡಿಯ ಬಾಗಿಲು ಅರ್ಧ ಎಳೆದು ಅವರ ಜೊತೆಯೇ ಹೊರಟ. ರಾಯಚೂರಿಗೆ ಹೋಗುವ ಕಲ್ಲೂರಿನ ದಾರಿಯುದ್ದಕ್ಕೂ ಬಸ್ಸಿನಲ್ಲಿ ಫೋನ್ ಮಾಡಿ ಮಾಡಿ, ಹಳೆಯ ಲೆಕ್ಕವೆಲ್ಲ ಯಾವ ಕಂಪನಿಗೆ ಹೋಗಿದೆಯೆಂದು ಪತ್ತೆ ಹಚ್ಚಿದ. ರಾಯಚೂರಿನಲ್ಲಿ ನೋಟರಿಯ ಮುಂದೆ ನಡೆದದ್ದನ್ನೆಲ್ಲ ಬರೆದು, ಇಲಿ ತಿಂದ ಎರಡು ವಾರಗಳ ಲೆಕ್ಕವನ್ನೂ ಸೇರಿಸಿ ಸಹಿ ಹಾಕಿದ. ಉಮಾದೇವಿ ಊಟದ ಹೊತ್ತಿನಲ್ಲಿ ಕೂತು ದಾಖಲೆ ತಿದ್ದಬೇಕೆಂಬ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿಸಿ, ರಸೀದಿಗಳ ಚಿತ್ರ ಲಗತ್ತಿಸಿದರು.

ಮೊದಲ ಸಲ ಹೊಸ ಕಂಪನಿಯವರು ನಮ್ಮಲ್ಲಿ ಮಾಹಿತಿ ಇಲ್ಲವೆಂದು ಬರೆದರು. ಉಮಾದೇವಿ ಮತ್ತೆ ಕಳಿಸಿದರು. ಅತ್ತ ಮೂರು ತಿಂಗಳು ಮುಗಿಯುತ್ತಾ ಬಂದಿತ್ತು. ಮಟಮಾರಿಯ ಒಬ್ಬರು ಮುಂಗಡ ಹಿಡಿದು ಕಲೀಮುಲ್ಲಾ ಸಾಹೇಬರ ಕಟ್ಟೆಗೆ ಬಂದು ಕೂತಿದ್ದರು. ಆ ವಾರ ನೂರ್ ಬೀ ಹೊಸ ಗಾದಿಯ ಕೆಲಸ ಹಿಡಿಯಲಿಲ್ಲ. ಹಿಂಜಿದ ಅರಳೆಯನ್ನು ಮೂಟೆ ಕಟ್ಟಿಟ್ಟಳು, ಹೋಗಬೇಕಾಗಿ ಬಂದರೆ ಎಂದು. ಅವಳ ಪ್ರಾರ್ಥನೆಯಲ್ಲಿ ಈಗ ನಾಲ್ಕು ಹೆಸರು ಬರುತ್ತಿದ್ದವು. ಮನೆಯ ಮಾತು ಅವುಗಳ ನಂತರವೇ ಬರುತ್ತಿತ್ತು, ಕೆಲವು ದಿನ ಬರುತ್ತಲೇ ಇರಲಿಲ್ಲ.

ಸಾಹೇಬರು ಮಟಮಾರಿಯವರಿಗೆ ಚಹಾ ಕುಡಿಸಿ, “ಒಂದು ಹೆಣ್ಮಗಳಿಗೆ ಮಾತು ಕೊಟ್ಟೀನಿ, ಇನ್ನೊಂದು ಹತ್ತು ದಿನ ತಡೀರಿ,” ಎಂದು ಕಳಿಸಿದರಂತೆ. ಏಳನೆಯ ದಿನ ಉಮಾದೇವಿಯವರ ಫೋನ್ ಬಂತು. “ತಿದ್ದ್ಯಾರ್ರೀ ನೂರ್ ಬೀ! ನಿಮ್ಮ ಹೆಸರಿನ ಮ್ಯಾಲೆ ಒಂದು ರೂಪಾಯಿ ಬಾಕಿ ಇಲ್ಲ.” ನೂರ್ ಬೀ ಫೋನನ್ನು ಗುಲ್ನಾಜಳ ಕೈಗೆ ಕೊಟ್ಟು, ಅರಳೆಯ ಮೂಟೆಗಳ ನಡುವೆಯೇ ಹಣೆ ನೆಲಕ್ಕೆ ಹಚ್ಚಿ ಸಜ್ದಾ ಮಾಡಿದಳು.

ಸಾಲ ಮಂಜೂರಾಗಿ ಮನೆಯ ನೋಂದಣಿಗೆ ದಿನ ಗೊತ್ತಾಯಿತು. ಸಾಕ್ಷಿಗೆ ಇಬ್ಬರು ಬೇಕಿತ್ತು. ಗುಲ್ನಾಜ ಓಣಿಯ ಇಬ್ಬರು ಹಿರಿಯರನ್ನು ಕೇಳಿಟ್ಟಿದ್ದಳು. ನೂರ್ ಬೀ ಅವರಲ್ಲಿ ಒಬ್ಬರಿಗೆ ಕೈಮುಗಿದು ಬೇಡವೆಂದಳು.

ಬೂದೆಮ್ಮ ಮೊದಲ ಬಸ್ಸಿಗೇ ಬಂದಳು, ಇಳಕಲ್ ಸೀರೆಯುಟ್ಟು, ಆಧಾರ್ ಕಾರ್ಡನ್ನು ಕುಪ್ಪಸದೊಳಗೆ ಭದ್ರ ಮಾಡಿಕೊಂಡು. ನೂರ್ ಬೀ ಹಣವಿಟ್ಟ ಒಂದು ಲಕೋಟೆ ಮುಂದೆ ಹಿಡಿದಳು. ಬೂದೆಮ್ಮ ಅದನ್ನು ಮುಟ್ಟಲೇ ಇಲ್ಲ. “ಒಳಗಿಡಬೇ. ಆ ಟಗರಿನ ಪೀಳಿಗಿ ಹಟ್ಟಿ ತುಂಬ ಅದ.”

ಗುಮಾಸ್ತ ಕಾಗದ ತಿರುಗಿಸುತ್ತಾ ಕೇಳಿದ, “ಸಹಿ ಬರ್ತದೇನವ್ವಾ?”

“ಹೆಬ್ಬೆಟ್ಟು ಬರ್ತದ್ರೀ. ಒಂದಲ್ಲ, ಎರಡು ಅದಾವ.”

ಸುತ್ತ ನಿಂತವರು ನಕ್ಕರು. ಗುಮಾಸ್ತನೂ ನಗುತ್ತಾ, ಒಮ್ಮೆ ಬುರ್ಖಾದ ಹೆಂಗಸನ್ನು, ಒಮ್ಮೆ ಹಣೆಯ ತುಂಬ ಭಂಡಾರ ಹಚ್ಚಿಕೊಂಡ ಈ ಮುದುಕಿಯನ್ನು ನೋಡಿದ. “ಇವರು ನಿಮಗ ಏನಾಗಬೇಕು?”

ನೂರ್ ಬೀ ಬೂದೆಮ್ಮನ ಕಡೆ ತಿರುಗಿದಳು.

“ಒಂದ ಸಂಘದಾಕೀರಿ,” ಎಂದಳು ಬೂದೆಮ್ಮ, ಮಸಿಯ ಡಬ್ಬಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತಾ. “ಎಲ್ಲಿ ಒತ್ತಬೇಕು ತೋರಸ್ರಿ.”